ತಿಂಡಿ ಅಂಗಡಿ ಇಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರ, ಚಟ್ನಿಪುಡಿ. 2009ರಲ್ಲಿ ಮನೆಯ ಹಿತ್ತಲಲ್ಲಿ ಒಂದು ಬಾಣಲೆ, ಒಂದು ಹಿತ್ತಾಳೆ ಒರಳು ಇಟ್ಟುಕೊಂಡು ಶುರು ಮಾಡಿದೆ. 2012ರಲ್ಲಿ ಅಂಗಡಿ ಆಯಿತು. ಈಗ ವಾರಕ್ಕೆ ಇಬ್ಬರು ಮೂವರಾದರೂ ಫೋನ್ ಮಾಡಿ, ಇಲ್ಲಾ ಅಂಗಡಿಗೇ ಬಂದು, ನಾವೂ ಒಂದು ಅಂಗಡಿ ಇಡಬೇಕು ಅಂತಿದ್ದೀವಿ ಅನ್ನುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಲೆಕ್ಕ ನಮ್ಮ ಅಂಗಡಿಯದು. ದಿನಸಿ ಅಂಗಡಿ, ಟೈಲರ್ ಅಂಗಡಿ ಇಡುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

## ಇನ್ನೂ ಶುರು ಮಾಡದವರು

ಅಕ್ಕಾ, ನನ್ನ ಕೈರುಚಿ ಎಲ್ಲರೂ ಹೊಗಳ್ತಾರೆ. ಅಂಗಡಿ ಇಟ್ಟುಬಿಡ್ಲಾ?

ಹೊಗಳಿದವರು ದುಡ್ಡು ಕೊಟ್ಟು ತಿಂದಿದ್ದರಾ? ಮನೆಗೆ ಬಂದ ನೆಂಟರು ಚಕ್ಕುಲಿ ಚೆನ್ನಾಗಿಲ್ಲ ಅಂತ ಯಾವತ್ತೂ ಹೇಳುವುದಿಲ್ಲ.

ಮೂರು ತಿಂಗಳು ಮನೆಯಿಂದಲೇ ಮಾರಿ ನೋಡಿ. ನೆಂಟರಿಗೆ ಬೇಡ, ಗುರುತು ಕಮ್ಮಿ ಇರುವವರಿಗೆ ಮಾರಿ. ಯಾರು ಕೊಂಡರು ಅನ್ನುವುದಕ್ಕಿಂತ ಯಾರು ಎರಡನೇ ಸಲ ಬಂದರು ಅನ್ನುವುದನ್ನು ಬರೆದಿಡಿ. ನಾನು ಮೊದಲ ಗೌರಿ ಹಬ್ಬಕ್ಕೆ 40 ಪ್ಯಾಕೆಟ್ ಚಕ್ಕುಲಿ, 15 ಪ್ಯಾಕೆಟ್ ಕೋಡುಬಳೆ ಮಾಡಿದ್ದೆ. ಎಲ್ಲಾ ಖರ್ಚಾಯಿತು, ಖುಷಿಯೋ ಖುಷಿ. ದೀಪಾವಳಿಗೆ ಮತ್ತೆ ಕೇಳಿಕೊಂಡು ಬಂದವರಲ್ಲಿ ಚಕ್ಕುಲಿ ಕೇಳಿದವರು ನಾಲ್ಕೇ ಜನ. ಉಳಿದವರೆಲ್ಲ "ಆ ಕೋಡುಬಳೆ ಇದೆಯಾ?" ಅಂದರು. ನಾನು ಹೆಮ್ಮೆಪಡುತ್ತಿದ್ದದ್ದು ಒಂದು, ಜನಕ್ಕೆ ಬೇಕಿದ್ದದ್ದು ಇನ್ನೊಂದು.

ಇನ್ನೊಂದು ಪರೀಕ್ಷೆ ಇದೆ. ಅದೇ ತಿಂಡಿ ಹತ್ತು ಸಲ ಮಾಡಿದರೆ ಹತ್ತೂ ಸಲ ಒಂದೇ ಥರ ಬರುತ್ತದಾ? ಮನೆಯಲ್ಲಿ ಒಂದು ದಿನ ಗರಿಗರಿ, ಇನ್ನೊಂದು ದಿನ ಗಟ್ಟಿ ಆದರೆ ನಕ್ಕು ತಿನ್ನುತ್ತಾರೆ. ಅಂಗಡಿಯಲ್ಲಿ ನಗುವುದಿಲ್ಲ.

ಮನೇಲಿ ಮಾಡಿ ಮಾರೋದಕ್ಕೂ ಲೈಸೆನ್ಸ್ ಬೇಕಾ?

ಬೇಕು. ತಿನ್ನುವ ಪದಾರ್ಥ ಮಾರುವವರು ಚಿಕ್ಕವರಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಬರೀ ನೋಂದಣಿ, ಫೀಸು ವರ್ಷಕ್ಕೆ 100 ರೂಪಾಯಿ. ಅದನ್ನು ದಾಟಿದ ಮೇಲೆ ರಾಜ್ಯ ಲೈಸೆನ್ಸ್. ಈ ಮಿತಿಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಅವರ ಫಾಸ್ಕಾಸ್ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಆಧಾರ್, ಫೋಟೊ, ಜಾಗದ ದಾಖಲೆ ಇದ್ದರೆ ನೀವೇ ತುಂಬಬಹುದು. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರ ಇರಲಿ. ಏಜೆಂಟ್ ಫೋನ್ ತೆಗೆಯದೆ ನವೀಕರಣ ತಪ್ಪಿಸಿಕೊಂಡವರನ್ನು ನಾನೇ ನೋಡಿದ್ದೇನೆ.

ಎಷ್ಟು ದುಡ್ಡು ಇಟ್ಕೊಂಡು ಇಳೀಬೇಕು?

ಒಂದು ಮೊತ್ತ ಹೇಳಿ ಅಂದರೆ ಹೇಳಲಾರೆ, ಊರಿಂದ ಊರಿಗೆ ಬೇರೆ. ಆದರೆ ಇರುವ ದುಡ್ಡನ್ನು ಮೂರು ಡಬ್ಬಿಯಲ್ಲಿ ಹಾಕಿ. ಒಂದು ಅಂಗಡಿ ಅಡ್ವಾನ್ಸಿಗೆ, ಒಂದು ಪಾತ್ರೆ, ಒಲೆ, ತಕ್ಕಡಿ, ಕೌಂಟರಿಗೆ. ಮೂರನೆಯದು ಆರು ತಿಂಗಳ ಬಾಡಿಗೆ, ಸಂಬಳ, ಮಾಲಿಗೆ. ಮೂರನೇ ಡಬ್ಬಿಯನ್ನು ಯಾರೂ ಇಡುವುದಿಲ್ಲ.

ನಾನೂ ಇಡಲಿಲ್ಲ. ಗಾಜಿನ ಶೋಕೇಸು, ಅದರೊಳಗೆ ಲೈಟು, ಹೊಳೆಯುವ ಬೋರ್ಡು ಅಂತ ಇದ್ದದ್ದನ್ನೆಲ್ಲ ಸುರಿದೆ. ಮೊದಲ ದೀಪಾವಳಿಗೆ ಆರ್ಡರ್ ಬಂತು, ಎಣ್ಣೆ ಟಿನ್ ತರಲು ದುಡ್ಡಿಲ್ಲ. ಹೊಸ ಅಂಗಡಿಗೆ ಹೋಲ್‌ಸೇಲಿನವರು ಉದ್ರಿ ಕೊಡುವುದಿಲ್ಲ. ಕೊನೆಗೆ ನನ್ನ ಬಳೆ ಗಿರವಿ ಇಟ್ಟು ಎಣ್ಣೆ ತಂದೆವು. ಕೌಂಟರ್, ರ‍್ಯಾಕ್ ಎಲ್ಲಾ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಮುಚ್ಚಿದ ಅಂಗಡಿಗಳಿಗೇನು ಬರವಿಲ್ಲ. ತಕ್ಕಡಿ, ಬಾಣಲೆ ಮಾತ್ರ ಹೊಸದು ತಗೊಳ್ಳಿ.

ಜಾಗ ಮೇನ್ ರೋಡಲ್ಲೇ ಇರ್ಬೇಕಾ?

ಬೇಕಿಲ್ಲ. ನಮ್ಮದು ಅಡ್ಡರಸ್ತೆ. ಬಾಡಿಗೆಗೆ ನೋಡಿದ ಮಳಿಗೆಯ ಎದುರು ಒಂದು ವಾರದ ದಿನ, ಒಂದು ಭಾನುವಾರ, ಸಂಜೆ ಐದರಿಂದ ಎಂಟರವರೆಗೆ ಸುಮ್ನೆ ಕೂತು ಎಣಿಸಿ. ಎಷ್ಟು ಜನ ಹೋದರು ಅನ್ನುವುದಕ್ಕಿಂತ ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ಮನೆ ಕಡೆ ಹೋಗುತ್ತಿದ್ದಾರೆ ಅನ್ನುವುದು ಮುಖ್ಯ. ತಿಂಡಿ ವ್ಯಾಪಾರ ಸಂಜೆಯದು. ಜನ ಮನೆಗೆ ವಾಪಸ್ ಹೋಗುವ ಎಡಬದಿಯಲ್ಲಿ ಅಂಗಡಿ ಇದ್ದರೆ ಸ್ಕೂಟರ್ ನಿಲ್ಲಿಸುತ್ತಾರೆ. ರಸ್ತೆ ದಾಟಿ ಬರಬೇಕು ಅಂದರೆ "ನಾಳೆ ತಗೊಂಡರಾಯ್ತು" ಅಂತ ಹೋಗಿಬಿಡುತ್ತಾರೆ. ಆ ನಾಳೆ ಬರುವುದಿಲ್ಲ.

ಅಲ್ಲೇ ಕರಿಯುವುದಾದರೆ ಹೊಗೆ ಎಲ್ಲಿಗೆ ಹೋಗುತ್ತದೆ ನೋಡಿ. ಮೇಲಿನ ಮನೆಯವರು ಕೆಮ್ಮಿಕೊಂಡು ಇಳಿದು ಬಂದರೆ ಅಂಗಡಿ ನಡೆಸುವುದು ಕಷ್ಟ. ಬಾಡಿಗೆ ಎಷ್ಟು ವರ್ಷಕ್ಕೆ, ವರ್ಷಕ್ಕೆಷ್ಟು ಏರಿಕೆ, ಬಿಡಿಸಬೇಕಾದರೆ ಎಷ್ಟು ತಿಂಗಳ ಮುಂಚೆ ಹೇಳಬೇಕು, ಎಲ್ಲವೂ ಕರಾರು ಪತ್ರದಲ್ಲಿರಲಿ. ವ್ಯಾಪಾರ ಕುದುರಿದ ಮೇಲೆ ಮಾಲೀಕರ ಮಗನಿಗೆ ತಾನೇ ಅಂಗಡಿ ಇಡುವ ಆಸೆ ಬರುವುದುಂಟು.

## ದುಡ್ಡಿನ ಮಾತು

ಬೆಲೆ ಹೆಂಗೆ ಕಟ್ಟೋದು? ಪಕ್ಕದ ಬೀದಿಯವರು ಚಕ್ಕುಲಿ ಕೆಜಿ 260ಕ್ಕೆ ಕೊಡ್ತಾರೆ.

ಇದಕ್ಕೆ ಸ್ವಲ್ಪ ಉದ್ದ ಉತ್ತರ. ಪೆನ್ನು ತಗೊಳ್ಳಿ.

10 ಕೆಜಿ ಚಕ್ಕುಲಿ ಮಾರಲು ಸಿಗಬೇಕಾದರೆ ನಮಗೆ ಸುಮಾರು ಇಷ್ಟು ಬೇಕು. ಅಕ್ಕಿ 7 ಕೆಜಿ, 350 ರೂಪಾಯಿ. ಉದ್ದಿನಬೇಳೆ 2 ಕೆಜಿ, 260. ಬೆಣ್ಣೆ ಅರ್ಧ ಕೆಜಿ, 280. ಹಿಟ್ಟು ಹೀರುವ ಎಣ್ಣೆ ಎರಡೂವರೆ ಕೆಜಿ, 400. ಎಳ್ಳು, ಜೀರಿಗೆ, ಇಂಗು, ಉಪ್ಪು, ಗಿರಣಿ ಕೂಲಿ 150. ಒಟ್ಟು 1,440. ಕೆಜಿಗೆ 144. ಮುರಿದದ್ದು, ರುಚಿ ನೋಡಲು ಕೊಟ್ಟದ್ದು ಹೋಗಿ ಉಳಿದ ಹತ್ತು ಕೆಜಿ ಇದು. ಬಹಳ ಜನ ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. 260ಕ್ಕೆ ಮಾರಿದರೆ ಕೆಜಿಗೆ 116 ಲಾಭ ಅಂತ ಹಿಗ್ಗುತ್ತಾರೆ.

ಮುಂದೆ ಬರೆಯಿರಿ. ಗ್ಯಾಸು 120. ಇಬ್ಬರು ಹೆಂಗಸರು ಅರ್ಧ ದಿನ ಒರಳು ಒತ್ತಿದರು, 600. ಕಾಲು ಕೆಜಿಯ 40 ಕವರು, ಅದಕ್ಕೆ ಲೇಬಲ್ಲು, 160. ಈಗ ಒಟ್ಟು 2,320. ಕೆಜಿಗೆ 232 ಆಯಿತು.

ಇನ್ನೂ ಇದೆ. ಬಾಡಿಗೆ 14,000, ಕರೆಂಟು 2,500, ಕೌಂಟರಿನಲ್ಲಿ ನಿಲ್ಲುವ ಹುಡುಗನಿಗೆ 12,000, ಚಿಲ್ಲರೆ ಖರ್ಚು 1,500. ಆಮೇಲೆ ನಿಮ್ಮ ಸಂಬಳ 15,000. ನಗಬೇಡಿ, ನಿಮ್ಮ ಸಂಬಳ ಬರೆಯಲೇಬೇಕು. ತಿಂಗಳಿಗೆ 45,000. ತಿಂಗಳಿಗೆ ಎಲ್ಲಾ ತಿಂಡಿ ಸೇರಿ 600 ಕೆಜಿ ಮಾರುತ್ತೀರಿ ಅಂತಿಟ್ಟುಕೊಳ್ಳಿ. ಕೆಜಿಗೆ 75. ಅಲ್ಲಿಗೆ ಚಕ್ಕುಲಿಯ ಅಸಲು 307.

ಈಗ 260ಕ್ಕೆ ಮಾರಿದರೆ ಪ್ರತಿ ಕೆಜಿಗೆ 47 ರೂಪಾಯಿ ಕೈಯಿಂದ ಹಾಕುತ್ತಿದ್ದೀರಿ. ಪಕ್ಕದ ಬೀದಿಯವರು ಹೇಗೆ ಕೊಡುತ್ತಾರೆ? ಅವರದ್ದು ಸ್ವಂತ ಮಳಿಗೆ ಇರಬಹುದು. ಬೆಣ್ಣೆ ಬದಲು ಡಾಲ್ಡಾ ಹಾಕುತ್ತಿರಬಹುದು. ಅತ್ತೆ, ಸೊಸೆ ಸಂಬಳವಿಲ್ಲದೆ ದುಡಿಯುತ್ತಿರಬಹುದು. ಇಲ್ಲಾ ಅವರಿಗೂ ಲೆಕ್ಕ ಗೊತ್ತಿಲ್ಲದಿರಬಹುದು. ಇದೇ ಜಾಸ್ತಿ. ನಾವು 360ಕ್ಕೆ ಮಾರುತ್ತೇವೆ. ಕೆಜಿಗೆ 53 ಉಳಿಯುತ್ತದೆ.

ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಲದು. ಎಣ್ಣೆ ಬೆಲೆ ಏರಿದಾಗಲೆಲ್ಲ ಮಾಡಿ. ಬೆಲೆ ಏರಿಸಬೇಕಾದರೆ ಒಮ್ಮೆಗೇ 40 ಏರಿಸಬೇಡಿ. ಹತ್ತು ಹತ್ತಾಗಿ ಏರಿಸಿ. ಹಬ್ಬದ ಹಿಂದಿನ ವಾರವಂತೂ ಏರಿಸಲೇಬೇಡಿ, ಜನ ಮರೆಯುವುದಿಲ್ಲ.

ದಿನಾ ವ್ಯಾಪಾರ ಚೆನ್ನಾಗೇ ಆಗ್ತದೆ, ತಿಂಗಳ ಕೊನೇಲಿ ಕೈಯಲ್ಲಿ ಏನೂ ಇರಲ್ಲ. ದುಡ್ಡು ಎಲ್ಲಿಗೆ ಹೋಗ್ತದೆ?

ಮನೆಗೆ ಹೋಗುತ್ತದೆ. ಗಲ್ಲಾದಿಂದ ಹಾಲಿಗೆ 50, ಪೆಟ್ರೋಲಿಗೆ 200, ಮಗಳ ಸ್ಕೂಲ್ ಟ್ರಿಪ್ಪಿಗೆ 500. ಯಾರೂ ಕದಿಯುತ್ತಿಲ್ಲ, ಆದರೂ ಖಾಲಿ.

ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಗಿತ್ತು. ಆಮೇಲೆ ಗಲ್ಲಾದೊಳಗೆ ಒಂದು ಸಣ್ಣ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ಇಟ್ಟೆ. ಯಾರು ತೆಗೆದರೂ ಹೆಸರು, ಮೊತ್ತ ಬರೆಯಬೇಕು. ನಾನೂ ಬರೆಯಬೇಕು. ಮೊದಲ ತಿಂಗಳು ಕೂಡಿಸಿದಾಗ ನಮ್ಮನೆಯವರ ಹೆಸರಿನಲ್ಲಿ 6,300, ನನ್ನ ಹೆಸರಿನಲ್ಲಿ 8,100. ಅವರು ಏನೂ ಮಾತಾಡಲಿಲ್ಲ. ಸುಮ್ಮನೆ ನಕ್ಕರು, ಅದು ಇನ್ನೂ ಕಷ್ಟ.

ಅಂಗಡಿಗೆ ಬೇರೆ ಕರೆಂಟ್ ಅಕೌಂಟ್ ಮಾಡಿಸಿ. ಕ್ಯೂಆರ್ ಕೋಡ್ ಆ ಅಕೌಂಟಿಗೇ ಇರಲಿ. ತಿಂಗಳ ಒಂದನೇ ತಾರೀಕು ನಿಮ್ಮ ಸಂಬಳ ಮನೆಯ ಅಕೌಂಟಿಗೆ ಹಾಕಿಕೊಳ್ಳಿ, ಅದರ ಮೇಲೆ ಗಲ್ಲಾ ಮುಟ್ಟಬೇಡಿ. ರಾತ್ರಿ ಬಾಗಿಲು ಹಾಕುವ ಮುಂಚೆ ಮೂರು ಸಾಲು ಬರೆದರೆ ಸಾಕು: ನಗದು ಎಷ್ಟು, ಮೊಬೈಲಿನಲ್ಲಿ ಎಷ್ಟು, ಇವತ್ತು ಎಷ್ಟು ಕೊಟ್ಟೆವು. ಆ್ಯಪ್ ಬೇಕಾದರೆ ಹಾಕಿಕೊಳ್ಳಿ. ನನಗೆ ಬೈಂಡ್ ಪುಸ್ತಕವೇ ಸರಿ.

ಉದ್ರಿ ಕೊಡದಿದ್ರ ಗಿರಾಕಿ ಬರಂಗಿಲ್ರೀ. ಏನ್ ಮಾಡೂದು?

ಕೇಳಿದವರು ಹುಬ್ಬಳ್ಳಿ ಕಡೆಯವರು. ಆದರೆ ಕೊಟ್ಟೋನು ಕೋಡಂಗಿ ಅನ್ನುವ ಮಾತು ಎಲ್ಲಾ ಕಡೆ ಒಂದೇ.

ಮೇಲಿನ ಲೆಕ್ಕ ನೆನಪಿದೆಯಲ್ಲ, ಕೆಜಿಗೆ ಉಳಿಯುವುದು 53. ಸಾವಿರ ರೂಪಾಯಿ ಉದ್ರಿ ಮುಳುಗಿದರೆ ಅದನ್ನು ತುಂಬಲು 19 ಕೆಜಿ ಚಕ್ಕುಲಿ ಮಾರಬೇಕು. ಇದು ತಲೆಗೆ ಹೋದ ದಿನದಿಂದ ಉದ್ರಿ ಕೇಳಿದವರಿಗೆ ಇಲ್ಲ ಅನ್ನುವುದು ನನಗೆ ಸಲೀಸಾಯಿತು.

ಪೂರ್ತಿ ನಿಲ್ಲಿಸಿ ಅನ್ನುತ್ತಿಲ್ಲ. ಸಂಬಳದವರು, ಒಂದೇ ಬೀದಿಯಲ್ಲಿ ಹತ್ತು ವರ್ಷದಿಂದ ಇರುವವರು, ಅಂಥವರಿಗೆ ಒಂದು ಮಿತಿ ಇಟ್ಟು ಕೊಡಿ. ಮಿತಿ ಮೊದಲೇ ಹೇಳಿ. ಪುಸ್ತಕದಲ್ಲಿ ಅವರ ಎದುರೇ ಬರೆಯಿರಿ, ತಿಂಗಳ ಐದನೇ ತಾರೀಕಿಗೆ ವಾಟ್ಸಾಪಿನಲ್ಲಿ ಬಾಕಿ ಕಳಿಸಿ. ಕೇಳಲು ಸಂಕೋಚ ಪಟ್ಟಷ್ಟೂ ಅವರು ನಿಮ್ಮ ಅಂಗಡಿ ಮುಂದೆ ಓಡಾಡುವುದು ಬಿಡುತ್ತಾರೆ. ದುಡ್ಡೂ ಹೋಯಿತು, ಗಿರಾಕಿಯೂ ಹೋದರು. "ಇಂದು ನಗದು ನಾಳೆ ಉದ್ರಿ" ಬೋರ್ಡು ಹಾಕುವುದು ನಿಮಗೆ ಬಿಟ್ಟಿದ್ದು. ನಮ್ಮಲ್ಲಿ ಅದನ್ನು ಓದಿ ನಕ್ಕು ಆಮೇಲೆ ಉದ್ರಿ ಕೇಳುತ್ತಿದ್ದರು.

ಮೊಬೈಲಲ್ಲಿ ದುಡ್ಡು ಹಾಕಿದೀನಿ ಅಂತ ಸ್ಕ್ರೀನ್ ತೋರಿಸಿ ಹೋಗ್ತಾರೆ, ನೋಡಿದ್ರೆ ಬಂದಿರಲ್ಲ.

ಸ್ಕ್ರೀನ್ ನೋಡಿ ನಂಬಬೇಡಿ, ಸೌಂಡ್‌ಬಾಕ್ಸ್ ಕೂಗಿದರೆ ಮಾತ್ರ ಕವರ್ ಕೈಗೆ ಕೊಡಿ. ದಿನಾ ಬೆಳಗ್ಗೆ ನಿಮ್ಮ ಕ್ಯೂಆರ್ ಅನ್ನು ನೀವೇ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿ. ರಾತ್ರೋರಾತ್ರಿ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ದುಡ್ಡು ಪಡೆಯಲು ನೀವು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂದವರು ಮೋಸಗಾರರು. ಮೋಸ ಆಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬಂಡವಾಳಕ್ಕೆ ಸಾಲ ಎಲ್ಲಿ ಸಿಗುತ್ತೆ ಮೇಡಂ?

ಬ್ಯಾಂಕಿಗೆ ಹೋಗಿ ಮುದ್ರಾ ಕೇಳಿ. 2015ರಿಂದ ಇರುವ ಯೋಜನೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಅಡಮಾನ ಕೇಳುವ ಹಾಗಿಲ್ಲ. ತಳ್ಳುಗಾಡಿ, ಬೀದಿಬದಿ ವ್ಯಾಪಾರದವರಿಗೆ ಪಿಎಂ ಸ್ವನಿಧಿ ಇದೆ, ನಗರಸಭೆಯಲ್ಲಿ ವಿಚಾರಿಸಿ.

ತಿಂಡಿ, ಹಪ್ಪಳ, ಉಪ್ಪಿನಕಾಯಿ ಮಾಡುವವರು ಪಿಎಂಎಫ್‌ಎಂಇ ಬಗ್ಗೆ ಕೇಳಲೇಬೇಕು. ಸಣ್ಣ ಆಹಾರ ಉದ್ದಿಮೆಗಳಿಗೆ ಕೇಂದ್ರದ ಯೋಜನೆ, 2020ರಲ್ಲಿ ಬಂದದ್ದು. ಸಾಲ ತೆಗೆದು ಯಂತ್ರ ಹಾಕಿದರೆ ಆ ಖರ್ಚಿನಲ್ಲಿ ಸಹಾಯಧನ ಶೇಕಡ 35. ನಮ್ಮ ರಾಜ್ಯ ಅದಕ್ಕೆ ಇನ್ನೂ 15 ಸೇರಿಸಿ ಅರ್ಧಕ್ಕೆ ತಂದಿದೆ, ಹೆಚ್ಚೆಂದರೆ 15 ಲಕ್ಷ. ರಾಜ್ಯದಲ್ಲಿ ನೋಡಿಕೊಳ್ಳುವುದು ಕೆಪೆಕ್ ಅನ್ನುವ ಸರ್ಕಾರಿ ನಿಗಮ, ಜಿಲ್ಲೆಯಲ್ಲಿ ಕೃಷಿ ಇಲಾಖೆ ಕಚೇರಿ. ಯೋಜನೆಗೆ ಅವಧಿ ಇರುತ್ತದೆ, ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಮೊದಲು ಕೇಳಿ, ಆಮೇಲೆ ಯಂತ್ರದ ಕೊಟೇಶನ್ ತರಿಸಿ. ಸಬ್ಸಿಡಿ ಇದೆ ಅಂತ ಬೇಡದ ಯಂತ್ರ ತರಬೇಡಿ. ಪರಿಚಯದವರ ಮನೆಯಲ್ಲಿ ದೊಡ್ಡದೊಂದು ಹಿಟ್ಟು ಕಲಸುವ ಯಂತ್ರದ ಮೇಲೆ ಬಟ್ಟೆ ಒಣಹಾಕಿದ್ದಾರೆ.

ಬ್ಯಾಂಕು ಬಿಟ್ಟು ಕೈಸಾಲಕ್ಕೆ ಹೋದರೆ, ನೂರಕ್ಕೆ ಮೂರು ಬಡ್ಡಿ ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ 36. ನಮ್ಮ ಲಾಭ ನೂರಕ್ಕೆ ಹದಿನೈದೂ ಇಲ್ಲ.

## ಕಾಗದ ಪತ್ರ

ಜಿಎಸ್‌ಟಿ ನಮ್ಮಂಥವರಿಗೂ ಬರುತ್ತಾ? ಭಯಕ್ಕೆ ಯುಪಿಐ ಸ್ಟಿಕ್ಕರ್ ಕಿತ್ತುಬಿಟ್ಟಿದೀನಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಚೀಟಿ ಅಂಟಿಸಿದರು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿದರು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಆ ಗಲಾಟೆಯಿಂದಲೇ ಈ ಪ್ರಶ್ನೆ ಜಾಸ್ತಿ.

ನಿಯಮ ಇಷ್ಟು. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಸೇವೆಗೆ 20 ಲಕ್ಷ. ಲೆಕ್ಕಕ್ಕೆ ಬರುವುದು ವಹಿವಾಟು, ಲಾಭ ಅಲ್ಲ. ನಗದೂ ಸೇರುತ್ತದೆ, ತೆರಿಗೆ ಇಲ್ಲದ ಹಾಲಿನಂಥ ಮಾಲೂ ಸೇರುತ್ತದೆ. ಸ್ಟಿಕ್ಕರ್ ಕಿತ್ತರೆ ವಹಿವಾಟು ಕಮ್ಮಿ ಆಗುವುದಿಲ್ಲ, ಗಿರಾಕಿ ಕಮ್ಮಿ ಆಗುತ್ತಾರೆ. ಮಗನ ಕಾಲೇಜ್ ಫೀಸಿಗೆ ತಮ್ಮ ಹಾಕಿದ ದುಡ್ಡು, ಚೀಟಿ ದುಡ್ಡು ಎಲ್ಲಾ ಅಂಗಡಿ ಕ್ಯೂಆರಿಗೇ ಬಿದ್ದಿದ್ದರೆ ಅದು ವ್ಯಾಪಾರವಲ್ಲ ಅಂತ ತೋರಿಸುವುದು ನಿಮ್ಮ ಪಾಡು. ಅಕೌಂಟ್ ಬೇರೆ ಮಾಡಿ ಅಂದದ್ದು ಇದಕ್ಕೂ ಸೇರಿ.

ದಾಟಿದರೆ ಹೆದರಬೇಡಿ. ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೊಸಿಷನ್ ಇದೆ. ತಿಂಡಿ ತಯಾರಿಸಿ ಮಾರುವವರಿಗೆ ವಹಿವಾಟಿನ ಶೇಕಡ 1. ಮೂರು ತಿಂಗಳಿಗೊಮ್ಮೆ ಕಟ್ಟುವುದು. ಆದರೆ ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವ ಹಾಗಿಲ್ಲ, ಹೊರರಾಜ್ಯಕ್ಕೆ ಮಾಲು ಮಾರುವ ಹಾಗೂ ಇಲ್ಲ. ಕೂತು ತಿನ್ನುವ ಹೋಟೆಲಾದರೆ ಶೇಕಡ 5. 35 ಲಕ್ಷ ಮುಟ್ಟಿದ ಹೊತ್ತಿಗೇ ಒಬ್ಬ ಒಳ್ಳೆ ಆಡಿಟರನ್ನು ನೋಡಿ.

ಪ್ಯಾಕೆಟ್ ಮೇಲೆ ಏನೇನು ಬರೀಬೇಕು?

ತಿಂಡಿ ಹೆಸರು, ತಯಾರಿಸಿದವರ ಹೆಸರು ವಿಳಾಸ, ತೂಕ, ಎಂಆರ್‌ಪಿ ಎಲ್ಲಾ ತೆರಿಗೆ ಸೇರಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬ್ಯಾಚ್ ನಂಬರು, ದೂರು ಹೇಳಲು ಫೋನ್ ನಂಬರು. ಹಾಕಿದ ಪದಾರ್ಥಗಳು, ಜಾಸ್ತಿ ಇರುವುದು ಮೊದಲು. ಚೌಕದೊಳಗೆ ಹಸಿರು ಚುಕ್ಕೆ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು. ಪೌಷ್ಟಿಕಾಂಶದ ಪಟ್ಟಿಯ ವಿಷಯವನ್ನು ಲೇಬಲ್ ಪ್ರಿಂಟ್ ಮಾಡಿಸುವ ಮುಂಚೆಯೇ ಕೇಳಿಕೊಳ್ಳಿ. ಹತ್ತು ಸಾವಿರ ಲೇಬಲ್ ಹೊಡೆಸಿದ ಮೇಲೆ ಕೇಳಿದವರು ಒಬ್ಬರಿದ್ದಾರೆ. ಅದು ನಾನೇ.

ಪೇಪರಿನಲ್ಲಿ ಬಜ್ಜಿ, ಬೋಂಡ ಕಟ್ಟಿ ಕೊಡಬೇಡಿ. ಶಾಯಿ ಎಣ್ಣೆಗೆ ಇಳಿಯುತ್ತದೆ, ನಿಷೇಧವೂ ಇದೆ.

ಇನ್ನೇನೇನು ಮಾಡಿಸ್ಬೇಕು?

ನಗರಸಭೆಯ ಟ್ರೇಡ್ ಲೈಸೆನ್ಸ್. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ, ವರ್ಷಕ್ಕೊಮ್ಮೆ. ಕಮರ್ಷಿಯಲ್ ಸಿಲಿಂಡರ್, 19 ಕೆಜಿಯದು. ಮನೆಯ ಕೆಂಪು ಸಿಲಿಂಡರ್ ಅಂಗಡಿಯಲ್ಲಿ ಇಡುವಂತಿಲ್ಲ. ಬೋರ್ಡಿನಲ್ಲಿ ಶೇಕಡ 60 ಕನ್ನಡ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಬರೆಸುವುದು, ಆಧಾರ್ ಇದ್ದರೆ ಅರ್ಧ ಗಂಟೆ ಕೆಲಸ, ಪೂರ್ತಿ ಉಚಿತ. ಅದಕ್ಕೆ ಎರಡು ಸಾವಿರ ಕೇಳಿದರೆ ಎದ್ದು ಬನ್ನಿ.

## ಗಿರಾಕಿ ಮತ್ತು ಕೆಲಸದವರು

ಪಕ್ಕದಲ್ಲೇ ದೊಡ್ಡ ಸೂಪರ್‌ಮಾರ್ಕೆಟ್ ಬಂತು. ನಾವು ಮುಚ್ಕೊಂಡು ಹೋಗೋದೇನಾ?

ಬೆಲೆಯಲ್ಲಿ ಅವರ ಜೊತೆ ಜಿದ್ದಿಗೆ ಬೀಳಬೇಡಿ, ಅವರು ಗೆಲ್ಲುತ್ತಾರೆ. ಅವರ ಕೈಯಲ್ಲಿ ಆಗದ್ದನ್ನು ಮಾಡಿ. 20 ರೂಪಾಯಿಯ ಖಾರ ತೂಗಿ ಕೊಡಿ. "ತಗೊಳ್ಳಿ, ರುಚಿ ನೋಡಿ" ಅಂತ ಕೈಗೆ ಒಂದು ಚೂರು ಹಾಕಿ. ಅಜ್ಜಿಗೆ ಹಲ್ಲಿಲ್ಲ ಅಂದರೆ ಮೆತ್ತಗಿನ ತೇಂಗೊಳಲು ತೆಗೆದಿಡಿ. ಸಂಜೆ ನಾಲ್ಕೂವರೆಗೆ ಬಾಗಿಲ ಹತ್ತಿರವೇ ಕರಿಯಿರಿ, ವಾಸನೆಗೆ ಜಾಹೀರಾತಿನ ಖರ್ಚಿಲ್ಲ. ನಮ್ಮ ಹತ್ತಿರ ಅಂಥದ್ದೊಂದು ಮಳಿಗೆ ಬಂದಾಗ ಬಿಸ್ಕತ್ತು, ಸೋಪು ಇಡುವುದನ್ನು ನಾವು ಬಿಟ್ಟೆವು. ಆ ರ‍್ಯಾಕಿಗೆ ಚಟ್ನಿಪುಡಿ ಬಂತು. ಬಿಟ್ಟದ್ದೇ ಒಳ್ಳೆಯದಾಯಿತು.

ಗೂಗಲಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು ಬಾಯಿಗೆ ಬಂದಂಗೆ ಬರೆದಿದಾರೆ. ತೆಗೆಸೋದು ಹೆಂಗೆ?

ಮೊದಲು, ಅವರು ಹೇಳಿದ್ದು ನಿಜವಾ ನೋಡಿ. ನಮಗೊಬ್ಬರು "ನಿಪ್ಪಟ್ಟು ಕಮಟು ವಾಸನೆ" ಅಂತ ಬರೆದಿದ್ದರು. ಉರಿದುಹೋಯಿತು. ಹಿಂದಿನ ದಿನದ ಒಂದು ಪ್ಯಾಕೆಟ್ ಒಡೆದು ಮೂಗಿಗೆ ಹಿಡಿದೆ, ಏನಿಲ್ಲ. ಕೆಳಗಿನ ರ‍್ಯಾಕಿನದು ಒಡೆದೆ, ನಿಜವಾಗಿ ಕಮಟು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ರ‍್ಯಾಕಿಗೆ ನೇರ ಬಿಸಿಲು ಬೀಳುತ್ತಿತ್ತು, ನಾವು ಆ ಹೊತ್ತಿಗೆ ಊಟಕ್ಕೆ ಹೋಗುತ್ತಿದ್ದೆವು. ವರ್ಷಗಟ್ಟಲೆ ಗೊತ್ತೇ ಆಗಿರಲಿಲ್ಲ! ಪರದೆ ಹಾಕಿಸಿ, "ತಪ್ಪಾಯಿತು, ಕಾರಣ ಸಿಕ್ಕಿತು, ಬಂದರೆ ಬದಲು ಕೊಡುತ್ತೇವೆ" ಅಂತ ಬರೆದೆ. ಅವರು ಬರಲಿಲ್ಲ. ಆದರೆ ಆ ಉತ್ತರ ಓದಿ ಬಂದವರಿದ್ದಾರೆ.

ಸುಳ್ಳೇ ಬರೆದಿದ್ದರೆ ಗೂಗಲ್‌ಗೆ ವರದಿ ಮಾಡಿ. ಜಗಳ ಆಡಬೇಡಿ. ಅಂಗಡಿಯ ಹೆಸರನ್ನು ಗೂಗಲ್ ನಕ್ಷೆಯಲ್ಲಿ ಸೇರಿಸುವುದು ಉಚಿತ. ಸಮಯ, ಫೋನ್ ನಂಬರ್ ಸರಿ ಇರಲಿ. ಹಬ್ಬಕ್ಕೆ ರಜೆ ಇದ್ದರೆ ಅದನ್ನೂ ಹಾಕಿ. ಮುಚ್ಚಿದ ಬಾಗಿಲು ನೋಡಿ ಹೋದವರು ಸಿಟ್ಟಿನಲ್ಲೇ ಸ್ಟಾರ್ ಒತ್ತುವುದು.

ಕೆಲಸ ಕಲಿಸ್ತೀವಿ, ಆರು ತಿಂಗಳಿಗೆ ಬಿಟ್ಟು ಹೋಗ್ತಾರೆ.

ಸಂಬಳ ತಾರೀಕಿಗೆ ಸರಿಯಾಗಿ ಕೊಡುತ್ತೀರಾ? ವಾರಕ್ಕೊಂದು ರಜೆ ಇದೆಯಾ? ಇವೆರಡಕ್ಕೂ ಹೌದು ಅಂದರೆ ಮುಂದಿನ ಮಾತು. ನಮ್ಮಲ್ಲಿ ಒರಳು ಒತ್ತುವ ಅಕ್ಕ 11 ವರ್ಷದಿಂದ ಇದ್ದಾರೆ. ಅವರಿಗೆ ಬೇಕಿದ್ದದ್ದು ಮಧ್ಯಾಹ್ನ ಮೂರೂವರೆಗೆ ಮಗನನ್ನು ಶಾಲೆಯಿಂದ ಕರೆತರಲು ಅರ್ಧ ಗಂಟೆ. ಬೇರೆ ಕಡೆ ಐನೂರು ಜಾಸ್ತಿ ಕೊಡುತ್ತೇವೆ ಅಂದರು, ಆ ಅರ್ಧ ಗಂಟೆ ಕೊಡಲಿಲ್ಲ.

ಆಷಾಢ ಬಂದ್ರೆ ನೊಣ ಹೊಡೀತಾ ಕೂರ್ತೀವಿ. ಏನಾದ್ರೂ ಉಪಾಯ?

ಆಷಾಢ, ಪಿತೃಪಕ್ಷ, ಪರೀಕ್ಷೆ ತಿಂಗಳು. ಎಲ್ಲರಿಗೂ ಇದ್ದದ್ದೇ. ಹಳೇ ಪುಸ್ತಕ ಇದ್ದರೆ ಹೋದ ವರ್ಷ ಆ ತಿಂಗಳು ಎಷ್ಟಾಗಿತ್ತು ಅಂತ ಕಾಣುತ್ತದೆ, ಅಷ್ಟೇ ಮಾಲು ಮಾಡಬಹುದು. ಮಳೆಗಾಲದಲ್ಲಿ ಕರಿದ ತಿಂಡಿ ಬೇಗ ಮೆತ್ತಗಾಗುತ್ತದೆ, ಸಣ್ಣ ಸಣ್ಣ ಬ್ಯಾಚ್ ಮಾಡಿ. ಒಲೆ ರಿಪೇರಿ, ಸುಣ್ಣ ಬಣ್ಣ, ಕೆಲಸದವರ ಊರಿನ ರಜೆ ಎಲ್ಲಾ ಆಗ ಮುಗಿಸಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇರುವಾಗ ಹಳೇ ಗಿರಾಕಿಗಳಿಗೆ ಆರ್ಡರ್ ಚೀಟಿ ಕಳಿಸಿ. ಅಲ್ಲಿಂದ ಕೃಷ್ಣಾಷ್ಟಮಿ, ಗೌರಿ ಗಣೇಶ. ಉಸಿರಾಡಲು ಪುರುಸೊತ್ತಿರುವುದಿಲ್ಲ. ಅರ್ಧ ಮುಂಗಡ ಇಲ್ಲದೆ ಹಬ್ಬದ ಆರ್ಡರ್ ಬರೆದುಕೊಳ್ಳಬೇಡಿ.

## ಬೆಳೆಸುವವರಿಗೆ

ಎರಡನೇ ಅಂಗಡಿ ಯಾವಾಗ ತೆಗೀಬಹುದು?

ಮೊದಲನೇ ಅಂಗಡಿ ಬಿಟ್ಟು ಹತ್ತು ದಿನ ಎಲ್ಲಾದರೂ ಹೋಗಿ ಬನ್ನಿ. ದಿನಕ್ಕೆ ಎಷ್ಟು ಫೋನ್ ಬಂತು ಎಣಿಸಿ. ನಾನು 2018ರಲ್ಲಿ ತಮ್ಮನ ಮದುವೆಗೆ ಅಂತ ಹೋದಾಗ ಒಂದೇ ದಿನ 23 ಫೋನು. "ಇಂಗು ಎಲ್ಲಿದೆ?" ಅಂತಲೇ ನಾಲ್ಕು. ಎರಡನೇ ಅಂಗಡಿಯ ಯೋಚನೆ ಅಲ್ಲಿಗೆ ಬಿಟ್ಟೆ. ಬದಲಿಗೆ ಇದ್ದ ಅಂಗಡಿಯಲ್ಲೇ ಚಟ್ನಿಪುಡಿ, ಸಾರಿನಪುಡಿ ಬೆಳೆಸಿದೆ. ಅದೇ ಬಾಡಿಗೆ, ಅದೇ ಹುಡುಗ, ಕೆಜಿ ಜಾಸ್ತಿ. ಮೇಲಿನ 75 ರೂಪಾಯಿ ಇಳಿಯುವುದು ಹೀಗೆ.

ಬೇರೆ ಅಂಗಡಿಗಳಿಗೆ ಸಪ್ಲೈ ಮಾಡಿ ಅಂತ ಕೇಳ್ತಿದಾರೆ. ಒಪ್ಕೊಳ್ಳೋದಾ?

360ರ ಎಂಆರ್‌ಪಿಯಲ್ಲಿ ಅವರಿಗೆ 80 ಬಿಟ್ಟರೆ ನಿಮಗೆ ಬರುವುದು 280. ಮಾಡುವ ಖರ್ಚೇ 232. ಉಳಿದ 48ರಲ್ಲಿ ಗಾಡಿ ಪೆಟ್ರೋಲು, ವಾಪಸ್ ಬಂದ ಪ್ಯಾಕೆಟ್ಟು, ಒಂದು ತಿಂಗಳ ಬಾಕಿ. ಬಾಡಿಗೆ, ಸಂಬಳ ಎಲ್ಲಾ ನಿಮ್ಮ ಕೌಂಟರ್ ವ್ಯಾಪಾರದಲ್ಲೇ ಹುಟ್ಟುತ್ತಿದೆ, ಒಲೆ ಅರ್ಧ ದಿನ ಸುಮ್ನೆ ಕೂತಿದೆ ಅಂದರೆ ಒಪ್ಪಿಕೊಳ್ಳಿ. ಇಲ್ಲಾ ಅಂದರೆ ದುಡಿತ ಜಾಸ್ತಿ, ದುಡ್ಡು ಕಮ್ಮಿ. ಒಪ್ಪುವುದಾದರೆ ವಾಪಸ್ ಮಾಲಿನ ಮಾತು ಮೊದಲೇ ಬರವಣಿಗೆಯಲ್ಲಿ ಆಗಲಿ. ಒಬ್ಬರಿಗೇ ಅರ್ಧಕ್ಕಿಂತ ಜಾಸ್ತಿ ಮಾಲು ಕೊಡಬೇಡಿ.

ಅಮೆರಿಕದಲ್ಲಿರೋ ಕನ್ನಡದವರು ಕೇಳ್ತಾರೆ. ಕಳಿಸಬಹುದಾ?

ಊರಿಗೆ ಬಂದವರು ಸೂಟ್‌ಕೇಸಿನಲ್ಲಿ ಒಯ್ಯುವುದೇ ನಮಗೆ ದೊಡ್ಡ ವ್ಯಾಪಾರ. ಡಿಸೆಂಬರ್, ಜುಲೈನಲ್ಲಿ ಬರುತ್ತಾರೆ. ಅವರಿಗೆ ಗಟ್ಟಿ ಪ್ಯಾಕಿಂಗ್, ಪದಾರ್ಥದ ಪಟ್ಟಿ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಚಕ್ಕುಲಿ ಪುಡಿಯಾಗುತ್ತದೆ, ಚಟ್ನಿಪುಡಿ ಪುಡಿಯಾಗಿಯೇ ಇರುತ್ತದೆ. ಅದನ್ನೇ ಕೊಡಿ. ರಫ್ತು ಅಂತಲೇ ಮಾಡುವುದಾದರೆ ಐಇಸಿ ಅನ್ನುವ ಆಮದು ರಫ್ತು ನಂಬರ್ ಬೇಕು, ಆ ದೇಶದ ನಿಯಮ ಬೇರೆ. ಕಲಿಯಬೇಕು ಅನ್ನುವವರಿಗೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಸಣ್ಣ ಕೋರ್ಸುಗಳಿವೆ. ವ್ಯಾಪಾರದ ಮೊದಲ ಪಾಠಕ್ಕಾದರೆ ಉಜಿರೆಯ ರುಡ್‌ಸೆಟ್ ಸಂಸ್ಥೆ. 1982ರಿಂದ ಇದೆ, ಊಟ ವಸತಿ ಸೇರಿ ಉಚಿತ ತರಬೇತಿ.

ಮಗ ಇಂಜಿನಿಯರ್, ಅಂಗಡಿಗೆ ಬರಲ್ಲ ಅಂತಾನೆ. ಯಾರಿಗೆ ಬಿಡೋದು?

ಬಲವಂತ ಬೇಡ. ಯಾರಿಗೆ ಬಿಟ್ಟರೂ ಬಿಡಲು ಏನಾದರೂ ಇರಬೇಕಲ್ಲ. ಅಂಗಡಿ ನಿಮ್ಮ ತಲೆಯೊಳಗೇ ಇದ್ದರೆ ನಿಮ್ಮ ಜೊತೆಗೇ ಹೋಗುತ್ತದೆ.

ನಮ್ಮ ಕೋಡುಬಳೆ ಅತ್ತೆಯವರದು. ಅವರು "ಒಂದು ಹಿಡಿ ರವೆ, ಕಣ್ಣಳತೆ ಖಾರ" ಅನ್ನುತ್ತಿದ್ದರು. ಅವರಿಗೆ ಕೈ ನಡುಗಲು ಶುರುವಾದ ವರ್ಷ ತಕ್ಕಡಿ ತಂದು ಪಕ್ಕದಲ್ಲಿಟ್ಟೆ. ಅವರು ಹಾಕುವ ಮುಂಚೆ ಪ್ರತಿ ಹಿಡಿಯನ್ನೂ ತೂಗಿದೆ. ಅವರಿಗೆ ಬೇಜಾರು, "ನನ್ನ ಕೈ ಮೇಲೆ ನಂಬಿಕೆ ಇಲ್ವೇನೇ?" ಅಂದರು. ಹನ್ನೆರಡು ಸಲ ತೂಗಿದೆ. ಹಿಡಿ ರವೆ 52 ಗ್ರಾಮಿನಿಂದ 55ರೊಳಗೇ ಇತ್ತು, ನಡುಗುವ ಕೈಯಲ್ಲೂ. ಆ ಚೀಟಿ ಈಗ ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ, ಎಣ್ಣೆ ಸಿಡಿದು ಹಳದಿಯಾಗಿದೆ. ಹೋದ ಶ್ರಾವಣದಲ್ಲಿ ಕೌಂಟರಿನ ಹುಡುಗ ಅದನ್ನು ನೋಡಿಕೊಂಡು ಒಬ್ಬನೇ ಒಂದು ಬ್ಯಾಚ್ ಮಾಡಿದ. ಹೊರಗಿನಿಂದ ಬಂದ ನಾನು ಯಾರು ಮಾಡಿದ್ದು ಅಂತ ತಿಳಿಯದೆ ಎರಡು ತಿಂದೆ.